ಬೆಳಿಗ್ಗೆ ಏನು ತಿಂತಾಳೆ?

ಹೆಂಡತಿ ತೀರಿಕೊಂಡ ವರ್ಷ ಅದು. ಏಳು ವರ್ಷದ ಮಗಳು ಶಾಲೆಯಲ್ಲಿ ಒಂದು ಕಡೆ ಕೂರುತ್ತಿರಲಿಲ್ಲ. "ಡಾಕ್ಟರಿಗೆ ತೋರಿಸ್ರಿ, ಇಲ್ಲಾಂದ್ರೆ ಮನ್ಯಾಗೆ ಇಟ್ಕೊಳ್ರಿ" ಅಂದರು ಟೀಚರು. ಹರಿಹರದಿಂದ ದಾವಣಗೆರೆಗೆ ಕರಕೊಂಡು ಹೋದೆ.

ನಮಗಿಂತ ಮುಂದೆ ಒಬ್ಬ ಟೈಲರ್ ಸಾಬರು, ಅವರ ಹೆಂಡತಿ, ಅಂಥದೇ ಚಂಚಲ ಮಗಳು. ಡಾಕ್ಟರು ಊಟದ ವಿಚಾರ ಕೇಳಿದರು. ರಾಗಿ ಅಂಬಲಿ, ತತ್ತಿ, ಕಾಳು ಅಂತ ಆಕೆ ಪಟಪಟನೆ ಹೇಳಿದಳು. ಗಂಡ ಬಾಯಿ ಬಿಡಬೇಕಾಗಿಯೇ ಇರಲಿಲ್ಲ. ಆತನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.

ನಮ್ಮ ಸರದಿ ಬಂತು. "ಬೆಳಿಗ್ಗೆ ಏನು ತಿಂತಾಳೆ?"

"ಮಂಡಕ್ಕಿ ರೀ. ಮಲಗಿರ್ತಾಳೆ, ಡಬ್ಬಿ ಇಟ್ಟು ಮಿಲ್ಲಿಗೆ ಹೋಗ್ತೀನಿ."

"ಅದನ್ನ ಕೋಳಿಗೆ ಹಾಕ್ತೀನಿ" ಅಂದಳು ಮಗಳು.

ನನಗೆ ಗೊತ್ತೇ ಇರಲಿಲ್ಲ.

"ಕೆಲವು ಮಕ್ಕಳು ಹುಟ್ಟಿನಿಂದಲೇ ಚಂಚಲ ಕಣಪ್ಪ, ಅದು ಊಟದಿಂದ ಪೂರ್ತಿ ಹೋಗಲ್ಲ" ಅಂದರು ಡಾಕ್ಟರು. "ಆದ್ರೆ ಖಾಲಿ ಹೊಟ್ಟೇಲಿ ಯಾರು ಕೂರ್ತಾರೆ? ಎಬ್ಬಿಸಿ, ತಿನ್ನಿಸಿ ಹೋಗ್ರಿ."

ಹೊರಗೆ ಆ ಹೆಂಗಸು ಗಂಡನನ್ನು ಬೈಯುತ್ತಿದ್ದಳು. "ಮಗಳು ಏನು ತಿಂತಾಳೆ ಅಂತ ನಿಮಗೇನಾದ್ರೂ ಗೊತ್ತೈತೇನ್ರಿ?"

ಆತ ತಲೆ ತಗ್ಗಿಸಿದ. ಆ ಬೈಗುಳಕ್ಕೂ ನನ್ನ ಹೊಟ್ಟೆ ಉರಿಯಿತು. ಆಕೆ ಬೈದು ಮುಗಿಸುವವರೆಗೂ ಚಪ್ಪಲಿ ಹುಡುಕುವವನ ಹಾಗೆ ಅಲ್ಲೇ ನಿಂತಿದ್ದೆ.