ತವರ ಹಚ್ಚಿ ಒತ್ತಿದ ಲಗ್ಗು

ಯುದ್ಧದ ವರ್ಷಗಳಲ್ಲಿ ನಾನು ಪುಣೆಯ ಒಂದು ರಿಪೇರಿ ಕಾರ್ಖಾನೆಯಲ್ಲಿ ವಾಯರ್‌ಮನ್ ಆಗಿದ್ದೆ. ಧಾರವಾಡದಿಂದ ಕರೆತಂದು ಕೆಲಸ ಕಲಿಸಿದವರು ಅಕ್ಕನ ಗಂಡ, ನನ್ನ ಭಾವ. ತಂತಿಯ ತುದಿಗೆ ಲಗ್ಗು, ಅಂದರೆ ತಿರುಪು ಹಾಕಿ ಬಿಗಿಯಲು ಬರುವ ತಾಮ್ರದ ಕೊಪ್ಪು, ಕೂಡಿಸಿ ಬೆಸುಗೆ ಹಾಕುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಬರಿಯ ತಾಮ್ರ ಕಂಡರೆ ಅವರಿಗೆ ಸಿಟ್ಟು. ಯಾವ ತಂತಿಯಾದರೂ ಮೊದಲು ಕರಗಿದ ತವರದಲ್ಲಿ ಅದ್ದಬೇಕು, ಆಮೇಲೆ ಮುಂದಿನ ಮಾತು.

ಒಂದು ದಿನ ಪರದೇಶದ ಯಂತ್ರಗಳ ಜೊತೆ ಹೊಸ ಬಗೆಯ ಲಗ್ಗುಗಳೂ ಅವನ್ನು ಒತ್ತಿ ಕಚ್ಚಿಸುವ ದೊಡ್ಡ ಇಕ್ಕಳವೂ ಬಂದವು. ಬೆಸುಗೆ ಬೇಡ, ಬರಿಯ ತಂತಿ ತೂರಿಸಿ ಒತ್ತಿದರೆ ಸಾಕು ಎಂದು ಮರಾಠಿ ಮೇಸ್ತ್ರಿ ಎರಡು ಸಲ ಹೇಳಿದ. ಭಾವ ನಕ್ಕುಬಿಟ್ಟರು.

“ಬರೇ ಹಿಚುಕಿದ್ರ ಹಿಡೀತದೇನೋ? ಮೊದಲು ತವರ ಹಚ್ಚು, ಆಮ್ಯಾಲೆ ಒತ್ತು. ಎರಡೂ ಇದ್ರ ಭಾಳ ಗಟ್ಟಿ.”

“ಮೇಸ್ತ್ರಿ ಬ್ಯಾಡ ಅಂದಾರಲ್ರಿ, ಭಾವಾ.”

“ಅವನಿಗೇನು ಗೊತ್ತದ?”

ಖಂಡೇನವಮಿಯ ಆಯುಧಪೂಜೆಗೆ ಬೆಸುಗೆಯ ಕಬ್ಬಿಣಕ್ಕೆ ಕುಂಕುಮ ಹಚ್ಚಿ ಹೂ ಏರಿಸಿದೆವು. ಇಕ್ಕಳಕ್ಕೆ ಒಂದು ಎಸಳೂ ಇಲ್ಲ. ಅವರ ಈ ಹಟ ಆಗ ಮುದ್ದಾಗಿ ಕಂಡಿತ್ತು; ಈಗ ನೆನೆದರೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ.

ಹೊಸದಾಗಿ ಬಂದ ಸಾಣೆ ಯಂತ್ರಕ್ಕೆ ಕರೆಂಟಿನ ತಂತಿಗಳನ್ನು ಅವರು ಜೋಡಿಸಿದರು. ನೆಲಕ್ಕಿಳಿಯುವ ಅರ್ಥ್ ತಂತಿಯನ್ನು ನಾನು. ಇಬ್ಬರೂ ತವರ ಹಚ್ಚಿಯೇ ಒತ್ತಿದೆವು. ಎಳೆದು ನೋಡಿದೆವು, ಅಲುಗಲಿಲ್ಲ. ಆದರೆ ತವರ ಮೆತ್ತಗಿನ ಲೋಹ. ಒತ್ತಡದಲ್ಲಿ ದಿನದಿನಕ್ಕೆ ಸರಿದು ಹಿಡಿತ ಸಡಿಲಾಗುತ್ತದೆ, ಕರೆಂಟು ಹರಿದಲ್ಲಿ ಬಿಸಿಯೂ ಏರುತ್ತದೆ. ಮೇಸ್ತ್ರಿ ನನಗಿದನ್ನು ಬಿಡಿಸಿ ಹೇಳಿದ್ದು ಆಮೇಲೆ, ಕಳಚಿದ ಲಗ್ಗುಗಳನ್ನು ಅಂಗೈಯಲ್ಲಿಟ್ಟುಕೊಂಡು.

ಎರಡು ತಿಂಗಳಾಗಿತ್ತು. ಮಧ್ಯಾಹ್ನ ಬುತ್ತಿ ಉಂಡು ಬಂದು ಭಾವ ಯಂತ್ರದ ಮೇಲೆ ಕೈಯಿಟ್ಟರು. ಒಳಗೆ ಕರೆಂಟಿನ ತಂತಿ ಲಗ್ಗಿನಿಂದ ಜಾರಿ ಕಬ್ಬಿಣದ ಮೈಗೆ ತಾಗಿತ್ತು. ಅರ್ಥ್ ತಂತಿ ಇರುವುದೇ ಅಂಥ ಹೊತ್ತಿಗೆ. ಅದು ಗಟ್ಟಿಯಾಗಿದ್ದರೆ ಫ್ಯೂಸು ಸುಟ್ಟು ಯಂತ್ರ ನಿಲ್ಲುತ್ತಿತ್ತು, ಮನುಷ್ಯ ಉಳಿಯುತ್ತಿದ್ದ. ಅದೂ ಅದುರಿ ಅದುರಿ ಕಳಚಿಕೊಂಡಿತ್ತು. ಭಾವ ಅಲ್ಲೇ ಹೋದರು.

ಹದಿಮೂರನೆಯ ದಿನ ಅಕ್ಕ ಕೇಳಿದಳು: “ತಮ್ಮಾ, ಖರೇ ಹೇಳು. ಆ ತಂತಿ ಕೂಡಿಸಿದವರು ಯಾರು?”

“ಭಾವಾರು, ಅಕ್ಕಾ.”

“ಎಲ್ಲಾನೂ?”

ಹೌದೆಂದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ಹಂಗಾದ್ರ ನಿಂದೇನೂ ತಪ್ಪಿಲ್ಲ ಬಿಡು,” ಎಂದು ನನ್ನ ಮುಂದೆ ತಾಟು ಇಟ್ಟಳು. ನಾನು ಉಂಡೆ.