ಲೋರ್ನಾ ಟೆಸ್ಕೆ ಮತ್ತು ಮೂರನೆಯ ಪುಸ್ತಕ

ನನ್ನ ಕೈಬರಹ ಚೆನ್ನಾಗಿಲ್ಲ, ಪದಗಳೂ ಬೇಕೆಂದಾಗ ಸಿಗುವುದಿಲ್ಲ. ಶಾಲೆಯನ್ನು ಅರ್ಧಕ್ಕೇ ಬಿಟ್ಟವಳು ನಾನು, ಓದುವವರು ಕ್ಷಮಿಸಬೇಕು. ಪ್ರತಿ ಆಟ ಮುಗಿದ ಮೇಲೆ ಅಂದು ನಡೆದದ್ದನ್ನು ಯಾರಾದರೊಬ್ಬರು ಬರೆದಿಡುವುದು ನಮ್ಮ ಮೇಜಿನ ಪದ್ಧತಿ. ಈ ಸಲ ಸರದಿ ನನ್ನದು. ಆದರೆ ಆಟಕ್ಕಿಂತ ಹೆಚ್ಚಾಗಿ ಆಟ ನಡೆಸುವವಳ ಬಗ್ಗೆ ಬರೆಯಬೇಕು ಅನ್ನಿಸಿತು. ಅನುಮಾನ ಬಂದ ಕಡೆಯೆಲ್ಲ ಅಳಿಸಿ ಮತ್ತೆ ಬರೆದಿದ್ದೇನೆ.

ಲೋರ್ನಾ ಟೆಸ್ಕೆಗೆ ಐವತ್ತೇಳು ವರ್ಷ. ವಿಸ್ಕಾನ್ಸಿನ್ನಿನ ಎಲ್ಮ್ ಕ್ರೀಕ್ ಊರಿನಲ್ಲಿ ಒಂಬತ್ತನೇ ನಂಬರಿನ ಶಾಲಾ ಬಸ್ಸು ಓಡಿಸುತ್ತಾಳೆ. ಬೆಳಿಗ್ಗೆ ಮಕ್ಕಳನ್ನು ಇಳಿಸಿದ ಮೇಲೆ ಮಧ್ಯಾಹ್ನದವರೆಗೆ ಅವಳಿಗೆ ಕೆಲಸವಿಲ್ಲ. ಆ ಬಿಡುವಿನಲ್ಲಿ, ಖಾಲಿ ಬಸ್ಸಿನಲ್ಲಿ ಕೂತು, ಪೆನ್ನು ಹಿಡಿಯಲು ಆಗುವಂತೆ ಕೈಗವಸಿನ ತುದಿ ಕತ್ತರಿಸಿಕೊಂಡು, ಅವಳೊಂದು ಲೋಕ ಕಟ್ಟಿದಳು. ಅದರ ಹೆಸರು ಹದಿಮೂರು ಬಂದರು. ಹದಿಮೂರು ನಕ್ಷತ್ರಗಳು, ಅವುಗಳ ನಡುವೆ ಓಡಾಡುವ ಹಡಗುಗಳು, ಮಂಜುಗಡ್ಡೆಗಾಗಿ ಕಚ್ಚಾಡುವ ಚಂದ್ರರು, ಲಂಚ ಮುಟ್ಟದ ಸುಂಕದವರು, ಸಾಯಲು ಒಪ್ಪದ ಒಬ್ಬ ಮುದಿ ರಾಣಿ. ಹತ್ತೊಂಬತ್ತು ನೋಟ್‌ಬುಕ್ಕು ತುಂಬಿವೆ.

ಅವಳಿಗೆ ಹದಿನಾಲ್ಕಾಗಿದ್ದಾಗ ಚಿಕ್ಕಪ್ಪನ ಮಕ್ಕಳು ಅವರ ಮನೆಯ ನೆಲಮಾಳಿಗೆಯಲ್ಲಿ ಇಂಥದೇ ಆಟ ಆಡುತ್ತಿದ್ದರು. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕಿ ಕತೆ ಮುಂದುವರಿಸುವ ಆಟ. ತಾನೂ ಆಡುತ್ತೇನೆ ಅಂದದ್ದಕ್ಕೆ ಅವರು, "ಮೊದ್ಲು ಮೇಲಿಂದ ಚಿಪ್ಸ್ ತಗೊಂಡ್ ಬಾ, ಆಮೇಲ್ ನೋಡೋಣ" ಅಂದರು. ತಂದಳು. ಆಮೇಲೆ ಯಾರೂ ನೋಡಲಿಲ್ಲ. ಎರಡು ಚಳಿಗಾಲ ಮೆಟ್ಟಿಲ ಮೇಲೆ ಕೂತೇ ಕೇಳಿಸಿಕೊಂಡಳು. ಅದನ್ನು ಹೇಳುವಾಗ ಅವಳ ಕಿವಿ ಈಗಲೂ ಕೆಂಪಾಗುತ್ತದೆ. ತನ್ನ ಮೇಜಿಗೆ ಬಂದ ಯಾರನ್ನೂ ಅವಳು ಇವತ್ತಿನವರೆಗೆ ಬೇಡ ಅಂದದ್ದಿಲ್ಲ.

ಹಾಗೆ ಬಂದವನು ಡೆಲ್ಮರ್ ವೋಗ್ಟ್. ಚೀಸ್ ಕಾರ್ಖಾನೆಯಲ್ಲಿ ಕೆಲಸ, ನಲವತ್ತರ ಆಸುಪಾಸು, ಮಾತು ಉಗ್ಗು. ವಾರಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಆದರೆ ಹದಿಮೂರು ಬಂದರಿನಲ್ಲಿ ಅವನು ರಾಯಭಾರಿ ಓರಿನ್, ಅಲ್ಲಿನ ಎಲ್ಲರಿಗಿಂತ ದೊಡ್ಡ ಮಾತುಗಾರ. ನಮ್ಮ ಹಳೆಯ ನಿಯಮದ ಪುಸ್ತಕದಲ್ಲಿ ಅದಕ್ಕೆ ಜಾಗವಿತ್ತು. "ಯು-ಯುದ್ಧ ಬೇಡ ಅಂತ ಒಪ್ಪಿಸ್ತೀನಿ" ಅಂದು ಅವನು ದಾಳ ಹಾಕುತ್ತಿದ್ದ. ದಾಳ ಚೆನ್ನಾಗಿ ಬಿದ್ದರೆ, ಓರಿನ್ ಹೇಗೆ ಮಾತಾಡಿದ, ಸಭೆ ಹೇಗೆ ಸುಮ್ಮನಾಯಿತು ಅನ್ನುವುದನ್ನು ಲೋರ್ನಾ ಹೇಳುತ್ತಿದ್ದಳು. ನಮ್ಮ ಮೇಜಿಗೆ ಬಂದ ಮೇಲಿನ ಒಂಬತ್ತು ವರ್ಷದಲ್ಲಿ ಡೆಲ್ಮರ್ ನಾಲ್ಕು ಯುದ್ಧ ನಿಲ್ಲಿಸಿದ್ದಾನೆ.

ನಾವು ಆಡುತ್ತಿದ್ದುದು ಬ್ರೆಂಟ್ ಹಾಲ್ವರ್ಸನ್‌ನ ಆಟದ ಅಂಗಡಿಯ ಹಿಂದಿನ ಕೋಣೆಯಲ್ಲಿ, ಶನಿವಾರ ಮಧ್ಯಾಹ್ನ. ಆಡುವವರು ಡೆಲ್ಮರ್, ಮಾರ್ಸಿ, ಅವಳ ಗಂಡ ಗ್ಲೆನ್, ನಾನು; ಬ್ರೆಂಟನೂ ನಮ್ಮ ಜೊತೆ ಆಡುತ್ತಿದ್ದ. ಈ ವರ್ಷ ಅವನೊಂದು ಹೊಸ ಕಾನೂನು ತಂದ: ಮೇಜು ಬೇಕಾದರೆ ತನ್ನ ಕಪಾಟಿನಲ್ಲಿರುವ ಪುಸ್ತಕದ ನಿಯಮದಲ್ಲೇ ಆಡಬೇಕು. ನಮ್ಮ ಪುಸ್ತಕದ ಅಚ್ಚು ನಿಂತು ಇಪ್ಪತ್ತು ವರ್ಷವಾಗಿತ್ತು. ಬೆನ್ನಿಗೆ ಟೇಪು ಸುತ್ತಿತ್ತು.

"ಲೋರ್ನಾ, ಇದನ್ನ ಮ್ಯೂಸಿಯಮ್ಮಿಗೆ ಕೊಟ್ಬಿಡಿ" ಅಂದ ಬ್ರೆಂಟ್. "ಬಾಹ್ಯಾಕಾಶದ ಆಟಕ್ಕೆ ಅಂತಲೇ ಬರೆದ ಹೊಸ ಪುಸ್ತಕ ಮೂರಿವೆ. ಮೂರು ಶನಿವಾರ ಆಡಿ ನೋಡೋಣ. ಆಮೇಲೆ ಮತ ಹಾಕಿ."

ಲೋರ್ನಾಗೆ ಇದು ಹಿಡಿಸಲಿಲ್ಲ. ಆದರೆ ಮೇಜು ಅವನದು. ಒಪ್ಪಿದಳು.

ಮೂರು ಪುಸ್ತಕದ ಕೊನೆಯಲ್ಲೂ ಪರೀಕ್ಷೆಗೆಂದು ಸಿದ್ಧ ಪಾತ್ರಗಳು, ಒಂದು ಸಿದ್ಧ ಹೊಡೆದಾಟ ಇದ್ದವು. ನಾವು ಅದನ್ನೇ ಆಡಿದೆವು. ಮೊದಲ ಪುಸ್ತಕದಲ್ಲಿ ಒಂದು ಗುಂಡು ಹಾರಿಸಲು ನಾಲ್ಕು ಪಟ್ಟಿ ನೋಡಬೇಕಿತ್ತು. ಗ್ಲೆನ್ ಕೂತಲ್ಲೇ ನಿದ್ದೆ ಹೋದ. ಎರಡನೆಯದರಲ್ಲಿ ಅರ್ಧ ದಿನ ಹಡಗಿನ ಬಿಡಿಭಾಗ ಕೊಳ್ಳುವುದರಲ್ಲೇ ಕಳೆಯಿತು. ಮೂರನೆಯದರಲ್ಲಿ ಹೊಡೆದಾಟ ನಲವತ್ತೇ ನಿಮಿಷದಲ್ಲಿ ಮುಗಿಯಿತು. ಬ್ರೆಂಟನ ಪಾತ್ರ ಕತ್ತಿಯಲ್ಲಿ ಆರು ಜನರನ್ನು ಕೊಂದಿತು. ಎಲ್ಲರೂ ಮೇಜು ಬಡಿದು ಕೂಗಿದೆವು. ಮೂರನೆಯ ಪುಸ್ತಕಕ್ಕೆ ಐದು ಕೈ ಮೇಲೆ ಹೋದವು. ಡೆಲ್ಮರನ ಕೈ ಕೊನೆಯದು. ಆಟ ನಡೆಸುವವರಿಗೆ ಮತವಿಲ್ಲದ್ದರಿಂದ ಲೋರ್ನಾ ಸುಮ್ಮನೆ ಎಣಿಸಿದಳು.

ಸೋಮವಾರ ಬಸ್ಸಿನಲ್ಲಿ ಕೂತು ಅವಳು ಆ ಪುಸ್ತಕವನ್ನು ಮೊದಲಿಂದ ಓದಿದಳು. ನೂರ ಹನ್ನೆರಡನೆಯ ಪುಟದಲ್ಲಿ ಮಾತುಕತೆಯ ನಿಯಮವಿತ್ತು. ಆಡುವವನು ಪಾತ್ರವಾಗಿಯೇ ಎದ್ದು ಮಾತಾಡಬೇಕು. ಮಾತು ಮೇಜಿನವರಿಗೆ ಮೆಚ್ಚುಗೆಯಾದರೆ ಐದು ದಾಳ. ಏನು ಹೇಳುತ್ತೇನೆಂದು ಬರೀ ತಿಳಿಸಿದರೆ ಒಂದು. ದಾಳ ಹೆಚ್ಚಿದ್ದಷ್ಟೂ ಗೆಲುವು ಸುಲಭ. ಲೋರ್ನಾ ಪುಸ್ತಕವನ್ನು ಪಕ್ಕದ ಸೀಟಿಗೆ ಎಸೆದಳು. ನಮ್ಮಲ್ಲಿ ಒಬ್ಬರೂ ಆ ಪುಟ ನೋಡಿರಲಿಲ್ಲ. ಹೊಡೆದಾಟದ ಅಧ್ಯಾಯ ಓದಿ ಪುಸ್ತಕ ಮುಚ್ಚಿದ್ದೆವು. ಹದಿಮೂರು ಬಂದರಿನಲ್ಲಿ ಹನ್ನೊಂದು ವರ್ಷದಲ್ಲಿ ಹೊಡೆದಾಟ ಆದದ್ದೇ ಮೂರು ಸಲ! ಮಾಡದ ಕೆಲಸವನ್ನು ಪರೀಕ್ಷೆ ಮಾಡಿ, ಮಾಡುವ ಕೆಲಸವನ್ನು ಹಾಗೇ ಬಿಟ್ಟಿದ್ದೆವು. ಆ ಸಿದ್ಧ ಹೊಡೆದಾಟಗಳನ್ನು ಮೂರು ವಾರ ಬಾಯಿಮುಚ್ಚಿಕೊಂಡು ನಡೆಸಿದವಳು ತಾನೇ ಅನ್ನುವುದನ್ನು ನೆನೆದು ಅವಳಿಗೆ ಇನ್ನಷ್ಟು ಉರಿಯಿತು.

ಮುಂದಿನ ಶನಿವಾರ ಅವಳು ನಿಜವಾದ ಆಟವನ್ನೇ ಇಟ್ಟಳು. ಮಂಜುಗಡ್ಡೆಗಾಗಿ ಎರಡು ಚಂದ್ರರ ಸೈನ್ಯ ಎದುರುಬದುರು ನಿಂತಿವೆ. ನಡುವೆ ಓರಿನ್.

"ನಾ-ನಾನು ಅವರಿಗೆ..." ಅಂದ ಡೆಲ್ಮರ್.

"ಹಾಗಲ್ಲ ಮಾರಾಯ, ಓರಿನ್ ಆಗಿ ಮಾತಾಡು" ಅಂದ ಬ್ರೆಂಟ್. "ಐದು ದಾಳ ಬೇಡ್ವಾ ನಿಂಗೆ?"

ಡೆಲ್ಮರನ ಬಾಯಿ ತೆರೆಯಿತು. ಅವನ ಕತ್ತಿನ ನರ ಉಬ್ಬಿತು. ಮೂಲೆಯಲ್ಲಿ ಆಳೆತ್ತರದ ಸೋಡಾ ಯಂತ್ರ ಗುಂಯ್ ಅನ್ನುತ್ತಿತ್ತು.

"ಏನಾದ್ರೂ ಹೇಳೋ, ಆಟ ತಾನೆ!" ಅಂದ ಬ್ರೆಂಟ್ ಮತ್ತೆ.

ಡೆಲ್ಮರ್ ಒಂದು ದಾಳ ತೆಗೆದುಕೊಂಡು ಹಾಕಿದ. ಎರಡು ಬಿತ್ತು. ಯುದ್ಧ ಶುರುವಾಯಿತು. ಅವನು ತನ್ನ ಪಾತ್ರದ ವಿವರ ಬರೆದ ಹಾಳೆಯನ್ನು ನಾಲ್ಕಾಗಿ ಮಡಚಿ ಲೋರ್ನಾಳ ಕಡೆ ತಳ್ಳಿದ.

"ಓ-ಓರಿನ್ ನಿದ್ದೇಲಿ ಸತ್ತ ಅಂತ ಬರ್ಕೋ. ನಾನು ಮೆ-ಮೆಕ್ಯಾನಿಕ್ ಆಗ್ತೀನಿ."

ಲೋರ್ನಾ ಎದ್ದು ನಿಂತಳು.

"ಬ್ರೆಂಟ್, ಹೋದ ವಾರ ಕತ್ತೀಲಿ ಆರು ಜನರನ್ನ ಕೊಂದೆ, ಅಲ್ವಾ?"

"ಹೂಂ. ಯಾಕೆ?"

"ಏಳು ಮೇಲೆ. ಆ ಸೋಡಾ ಮೆಷೀನ್ ಎತ್ತು."

"ಏನ್ರೀ ಇದು?"

"ಎತ್ತಿದ್ರೆ ಐದು ದಾಳ. ಎತ್ತಕ್ಕಾಗ್ದಿದ್ರೆ ಒಂದು."

ಮಾರ್ಸಿ ಕಿಸಕ್ಕನೆ ನಕ್ಕಳು.

"ಲೋರ್ನಾ, ಅದೇ ಬೇರೆ, ಇದೇ ಬೇರೆ" ಅಂದ ಬ್ರೆಂಟ್.

"ಹೇಗೆ ಬೇರೆ? ಆಟದಲ್ಲಿ ನಿನ್ನ ತೋಳು ಬೆಳೀಬಹುದು, ಅವನ ನಾಲಿಗೆ ಬೆಳೀಬಾರ್ದಾ?"

"ನಾನೇನು ಬಲವಂತ ಮಾಡಿದ್ನಾ? ಮತ ಹಾಕಿದ್ದು ಇವರೇ. ಡೆಲ್ಮರೂ ಕೈ ಎತ್ತಿದ."

ಲೋರ್ನಾ ಡೆಲ್ಮರನ ಕಡೆ ತಿರುಗಿದಳು. "ಯಾಕಪ್ಪಾ ಎತ್ತಿದೆ?"

"ಎ-ಎಲ್ರೂ ಎತ್ತಿದ್ರು."

ಅಷ್ಟೇ ಸಾಕಾಯಿತು. ಅವಳು ಹತ್ತೊಂಬತ್ತು ನೋಟ್‌ಬುಕ್ಕುಗಳನ್ನು ಹಾಲಿನ ಡಬ್ಬಿಯ ಪೆಟ್ಟಿಗೆಗೆ ತುಂಬತೊಡಗಿದಳು.

"ಎರಡನೇ ಕ್ಲಾಸಿನಲ್ಲಿ ನನ್ನ ಬಸ್ಸಲ್ಲಿ ವಾಂತಿ ಮಾಡ್ಕೊಂಡೆ ನೀನು" ಅಂದಳು ಬ್ರೆಂಟನಿಗೆ. "ಒರೆಸಿದ್ದು ನಾನು. ಇಡೀ ಬಸ್ಸು ನಕ್ತು, ನಾನು ನಕ್ಕಿಲ್ಲ. ಸ್ವಲ್ಪ ನೆನಪಿಟ್ಕೋ."

ಬ್ರೆಂಟ್ ತನ್ನ ಪುಸ್ತಕದ ಹಾಳೆ ತಿರುವುತ್ತಾ ಕೂತ. ಮಾರ್ಸಿ ಕೋಟು ಹಾಕಿಕೊಂಡಳು. ಗ್ಲೆನ್ ಏಳಲಿಲ್ಲ.

"ನಂಗೆ ಹೊಡೆದಾಟ ಇಷ್ಟ ಮಾರ್ಸಿ" ಅಂದ.

"ಇರು ಹಾಗಾದ್ರೆ. ಕಾರಿನ ಕೀ ನನ್ನ ಹತ್ರ ಇದೆ, ನಡ್ಕೊಂಡು ಬಾ."

ಈಗ ನಾವು ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ ಆಡುತ್ತೇವೆ. ಶುಕ್ರವಾರ ಅಲ್ಲಿ ಊರಿಗೆ ಹಾಕುವ ಮೀನೂಟದ ಎಣ್ಣೆ ವಾಸನೆ ಶನಿವಾರವೂ ಇರುತ್ತದೆ. ಮೇಜು ಒಂದು ಕಡೆ ವಾಲುತ್ತದೆ. ಮೊದಲ ದಿನ ಲೋರ್ನಾ ಮಡಚಿದ ಹಾಳೆಯನ್ನು ಬಿಡಿಸಿ, ಅಂಗೈಯಲ್ಲಿ ಉಜ್ಜಿ ಸರಿಮಾಡಿ ಡೆಲ್ಮರನ ಮುಂದಿಟ್ಟಳು.

"ನಿದ್ದೇಲಿ ಸತ್ತ ಅಂತ ನಾನು ಬರ್ಕೊಂಡಿಲ್ಲ. ಆ ದಿನದ ಯುದ್ಧಾನೂ ಲೆಕ್ಕಕ್ಕಿಲ್ಲ. ಎದ್ದೇಳ್ಸು ಅವನ್ನ. ಸೈನ್ಯ ಕಾಯ್ತಿದೆ."

ಹಳೆಯ ನಿಯಮದಂತೆ ಡೆಲ್ಮರ್ ಮೂರು ದಾಳ ಹಾಕಿದ. ಮೂರೂ ಕೆಟ್ಟದಾಗಿ ಬಿದ್ದವು. ಓರಿನ್ ಎಷ್ಟು ಚೆನ್ನಾಗಿ ಮಾತಾಡಿದರೂ ಚಂದ್ರರು ಹೇಗೆ ಕೇಳಲಿಲ್ಲ ಅನ್ನುವುದನ್ನು ಲೋರ್ನಾ ಕಾಲು ಗಂಟೆ ಹೇಳಿದಳು. ಯುದ್ಧ ಆಗಿಯೇ ಆಯಿತು. ಡೆಲ್ಮರ್ ತಲೆ ಮೇಲೆ ಕೈಹೊತ್ತು, ಆಮೇಲೆ ನಕ್ಕು, "ನಾ-ನಾಳೆ ಮತ್ತೆ ಹೋಗ್ತೀನಿ ಅವರ ಹತ್ರ" ಅಂದ.

ಲೋರ್ನಾಳ ಸಿಟ್ಟು ಇನ್ನೂ ಇಳಿದಿಲ್ಲ. ಅಂಗಡಿಯ ಮುಂದೆ ಬಸ್ಸು ಹಾಯುವಾಗ ಬ್ರೆಂಟ್ ಕೈ ಬೀಸುತ್ತಾನಂತೆ. ಅವಳು ಎರಡೂ ಕೈ ಸ್ಟೇರಿಂಗಿನ ಮೇಲೇ ಇಟ್ಟಿರುತ್ತಾಳೆ.

ಮತದ ದಿನ ಎತ್ತಿದ ಐದು ಕೈಗಳಲ್ಲಿ ಒಂದು ನನ್ನದು. ನಾನೂ ನೂರ ಹನ್ನೆರಡನೆಯ ಪುಟ ಓದಿರಲಿಲ್ಲ. ನನಗೂ ಜನರ ಮುಂದೆ ಮಾತು ಬರುವುದಿಲ್ಲ, ಆದರೂ ಎತ್ತಿದೆ. ಆ ಪುಟ ಓದದೆಯೇ ಕೈ ಎತ್ತಿದ್ದೆ ಅನ್ನುವುದನ್ನು ಡೆಲ್ಮರನಿಗೆ ಇನ್ನೂ ಹೇಳಿಲ್ಲ. ಬರುವ ಶನಿವಾರ ಬೇರೆಯವರು ಬರುವ ಮುಂಚೆ ಹೋಗಿ ಅವನಿಗೆ ಹೇಳುತ್ತೇನೆ.