ಕೊನೆಯ ಸಾಲು ಬಿಟ್ಟ ಹೊದಿಕೆ

ಸುಮ್ಮನಿರುವುದು ಎಂದರೇನು ಎಂಬುದು ಮಾರೇನಹಳ್ಳಿಯ ಮುನಿತಾಯಮ್ಮನ ಕೈಗಳಿಗೆ ಗೊತ್ತಿರಲಿಲ್ಲ. ಮಧ್ಯಾಹ್ನದ ಮುದ್ದೆ ಉಂಡು ಊರಿನ ಹೆಂಗಸರೆಲ್ಲ ಸೆರಗು ಹಾಸಿ ಒಂದು ಗಳಿಗೆ ಅಡ್ಡಾದರೆ, ಈಕೆ ಜಗುಲಿಯ ಮೇಲೆ ಕಾಲು ಚಾಚಿ ಕುಳಿತು ಕ್ರೋಷಾ ಕಡ್ಡಿ ಹಿಡಿಯುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಬಿನ್ನಿಪೇಟೆಯ ಕಡೆ ಒಬ್ಬ ದೊರೆಯ ಬಂಗಲೆಯಲ್ಲಿ ಮಗು ಆಡಿಸುವ ಕೆಲಸಕ್ಕಿದ್ದವಳು. ಆ ಮನೆಯ ದೊರೆಸಾನಿ ಸೀಮೆಗೆ ಹಡಗು ಹತ್ತುವ ಮುಂಚೆ ಮೂಳೆ ಹಿಡಿಯ ಆ ಕಡ್ಡಿಯನ್ನು ಇವಳ ಕೈಗಿಟ್ಟು ಹೋಗಿದ್ದಳು. ತುದಿಯ ಕೊಕ್ಕೆಗೆ ನೂಲು ಸಿಕ್ಕಿಸಿ, ಕುಣಿಕೆಯೊಳಗಿಂದ ಕುಣಿಕೆ ಎಳೆಯುತ್ತಾ ಹೋದರೆ ಸಾಲಿನ ಮೇಲೆ ಸಾಲು ಏರಿ ಹೊದಿಕೆಯಾಗುತ್ತಿತ್ತು. ಗಂಡ ವೆಂಕಟರಮಣಪ್ಪ ಮಿಲ್ಲಿನ ಕೆಲಸಗಾರ, ಹಾಗಾಗಿ ಉಳಿಕೆ ಉಣ್ಣೆ ನೂಲಿಗೆ ಬರವಿರಲಿಲ್ಲ. ಬಣ್ಣಕ್ಕೆ ಮಾತ್ರ ಬರ. ಸಿಕ್ಕರೆ ಖಾಕಿ, ಇಲ್ಲದಿದ್ದರೆ ಬೂದು. "ನಿಮ್ಮನೆ ಒಳಗೆ ಬಂದ್ರೆ ಪೊಲೀಸ್ ಸ್ಟೇಷನ್‌ಗೆ ಬಂದಂಗಾಯ್ತದೆ ಕಣೇ" ಎಂದು ಪಕ್ಕದ ಮನೆಯ ಪಟಾಲಮ್ಮ ಅಣಕಿಸುತ್ತಿದ್ದಳು.

ಬೇಸಿಗೆ ಎಂದರೆ ಮುನಿತಾಯಮ್ಮನಿಗೆ ಹಬ್ಬ. ಹಿತ್ತಿಲ ಬಂಡೆಯ ಮೇಲೆ ಹಳೇ ಸೀರೆ ಹಾಸಿ ಸಂಡಿಗೆ ಇಡುವುದು, ಕಾಗೆಗಳನ್ನು ಬೈಯುತ್ತಾ ಕಾಯುವುದು, ಮಾವಿನಕಾಯಿ ಒರೆಸಿ ಹೋಳು ಮಾಡಿ ಜಾಡಿಗೆ ತುಂಬುವುದು, ಮಡಕೆ ನೀರಿಗೆ ಲಾವಂಚದ ಬೇರು ಹಾಕುವುದು. ಸಂಜೆ ಅಂಗಳಕ್ಕೆ ನೀರು ಚಿಮುಕಿಸಿದಾಗ ಏಳುವ ಮಣ್ಣಿನ ವಾಸನೆಗೆ ಅವಳು ಒಂದು ಕ್ಷಣ ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ದೊಡ್ಡ ಸುಖಗಳ ಗೋಜಿಗೆ ಹೋದವಳೇ ಅಲ್ಲ.

ಆದರೆ ಐವತ್ತಾರನೇ ಇಸವಿಯ ಬೇಸಿಗೆ ಅವಳಿಗೆ ರುಚಿಸಲಿಲ್ಲ. ಸಂಡಿಗೆ ಹಿಟ್ಟಿಗೆ ಎರಡು ಸಲ ಉಪ್ಪು ಹಾಕಿದಳು. ಉಪ್ಪಿನಕಾಯಿಗೆ ಉಪ್ಪು ಹಾಕುವುದನ್ನೇ ಮರೆತಳು. ಮಗಳು ಯಶೋದಾ ಹೆಗ್ಗನಹಳ್ಳಿಯ ಗಂಡನ ಮನೆಯಿಂದ ಹೆರಿಗೆಗೆ ಬಂದಿದ್ದಳು. ಇದು ಮೂರನೇ ಬಸಿರು. ಮೊದಲನೆಯದು ಏಳು ತಿಂಗಳಿಗೇ ಹೋಯಿತು. ಎರಡನೆಯದು ಹುಟ್ಟಿ, ಮೂರು ದಿನ ಉಸಿರಾಡಿ, ಹಾಲು ಕಚ್ಚುವುದನ್ನು ಕಲಿಯುವ ಮೊದಲೇ ಕಣ್ಣು ಮುಚ್ಚಿತು. ಈ ಸಲವೂ ಹಾಗಾದರೆ ಮಗಳು ಉಳಿಯುವುದಿಲ್ಲ, ಉಳಿದರೂ ಮೊದಲಿನವಳಾಗಿ ಉಳಿಯುವುದಿಲ್ಲ ಎಂಬ ಭಯ ತಾಯಿಯನ್ನು ಬಿಟ್ಟಿರಲಿಲ್ಲ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂದು ಊರವರೆಲ್ಲ ಆಡಿಕೊಂಡು ನಗುವುದುಂಟು. ಮುನಿತಾಯಮ್ಮನ ಮನೆತನದಲ್ಲಿ ಅದು ನಗುವ ಮಾತಲ್ಲ, ಕಟ್ಟಳೆ. ಹುಟ್ಟದ ಕೂಸಿಗೆ ತೊಟ್ಟಿಲು ತರಬಾರದು, ಬಟ್ಟೆ ಹೊಲಿಯಬಾರದು, ಹೆಸರಂತೂ ಎತ್ತಲೇಬಾರದು. ಹುಟ್ಟಿದ ಮೇಲೂ ಹನ್ನೊಂದು ದಿನ ಹಳೇ ಸೀರೆಯ ತುಂಡೇ ಗತಿ. ಹೊಸದನ್ನು ಕಂಡರೆ ಕೆಟ್ಟ ಕಣ್ಣು ಬಾಗಿಲಿಗೆ ಬಂದು ಕೂರುತ್ತದೆ ಎಂದು ಅವಳ ಅಜ್ಜಿ ಹೇಳುತ್ತಿದ್ದಳು.

ಇಷ್ಟೆಲ್ಲ ತಿಳಿದೂ ಈ ಪುಣ್ಯಾತ್ಗಿತ್ತಿ ಏನು ಮಾಡಿದ್ದಳು ಗೊತ್ತೇ? ಶಿವರಾತ್ರಿ ಕಳೆದ ವಾರವೇ ಒಂದು ಪುಟ್ಟ ಹೊದಿಕೆ ಶುರು ಮಾಡಿಬಿಟ್ಟಿದ್ದಳು. ಮನಸ್ಸು ಬೇಡ ಎಂದಿತು, ಕೈ ಕೇಳಲಿಲ್ಲ. ಚಿಕ್ಕಪೇಟೆಯಿಂದ ಒಂದು ಉಂಡೆ ಕೆಂಪು ಉಣ್ಣೆಯನ್ನೂ ತರಿಸಿದ್ದಳು. ಮೊದಲ ಮೂರು ಸಾಲು ಕೆಂಪು, ನಡುವೆಲ್ಲ ಬೂದು, ಕೊನೆಯ ಮೂರು ಸಾಲು ಮತ್ತೆ ಕೆಂಪು. ಒಟ್ಟು ಅರವತ್ತು ಸಾಲು. ಯಾರಿಗೆ ಎಂದು ಕೇಳಿದವರಿಗೆ ಒಂದು ಸುಳ್ಳು ಸಿದ್ಧವಾಗಿತ್ತು.

"ಯಾರಿಗೆ ಹೆಣೀತಿದೀಯೇ ಮುನಿತಾಯಮ್ಮ, ಈ ಸುಡೋ ಬಿಸಿಲಲ್ಲಿ?" ಎಂದು ಪಟಾಲಮ್ಮ ದಿನಕ್ಕೊಮ್ಮೆಯಾದರೂ ಬೇಲಿಯಾಚೆಯಿಂದ ಕೂಗುತ್ತಿದ್ದಳು.

"ಕೆಂಗೇರಿ ಮೇಷ್ಟ್ರ ಮನೆಗೆ ಕಣೇ. ಕುರ್ಚಿ ಮೇಲೆ ಹಾಸ್ಕೋತಾರಂತೆ."

ಕೆಂಗೇರಿಯಲ್ಲಿ ಅವಳಿಗೆ ಗೊತ್ತಿದ್ದ ಮೇಷ್ಟ್ರು ಯಾರೂ ಇರಲಿಲ್ಲ. ಸುಳ್ಳು ಹೇಳಿದಾಗಲೆಲ್ಲ ಹೊದಿಕೆಯನ್ನು ಸೆರಗಿನಡಿ ಮುಚ್ಚಿಕೊಳ್ಳುತ್ತಿದ್ದಳು. ಕೊನೆಗೆ ತನ್ನಷ್ಟಕ್ಕೆ ತಾನೇ ಒಂದು ಒಪ್ಪಂದ ಮಾಡಿಕೊಂಡಳು. ಐವತ್ತೊಂಬತ್ತು ಸಾಲು ಹೆಣೆಯುವುದು, ಅರವತ್ತನೆಯದನ್ನು ಬಿಡುವುದು. ಗಂಟು ಬೀಳದ ವಸ್ತು ವಸ್ತುವೇ ಅಲ್ಲ. ಮುಗಿಯದ್ದನ್ನು ಯಾವ ಕಣ್ಣು ತಾನೇ ನೋಡೀತು? ಹೀಗೆ ದೇವರ ಮುಂದೆಯೇ ವಕೀಲಿಕೆ ಮಾಡಿ, ಕೊನೆಯ ಸಾಲಿಗೆ ಬಂದ ದಿನ ಹೊದಿಕೆಯನ್ನು ಕಡ್ಡಿಯ ಸಮೇತ ಮಡಿಚಿ ಅಕ್ಕಿ ಡಬ್ಬದ ಹಿಂದೆ ಇಟ್ಟಳು. ಒಂಬತ್ತು ತುಂಬುವ ಹೊತ್ತಿಗೆ ಜಟಕಾ ಗೊತ್ತು ಮಾಡಿ ಆಸ್ಪತ್ರೆಗೆ ಕರೆದೊಯ್ಯುವುದೆಂದು ವೆಂಕಟರಮಣಪ್ಪ ಹೇಳಿದ್ದ. ಅದಕ್ಕಿನ್ನೂ ಮೂರು ವಾರವಿತ್ತು.

ಒಂದು ಸೋಮವಾರ ಮುನಿತಾಯಮ್ಮ ಬಂಡೆಯ ಮೇಲಿನ ಸಂಡಿಗೆ ಎತ್ತಿಕೊಂಡು ಒಳಗೆ ಬಂದಾಗ ಯಶೋದಾ ಗೋಡೆಗೊರಗಿ ಕುಳಿತಿದ್ದಳು. ಮಡಿಲಲ್ಲಿ ಆ ಹೊದಿಕೆ.

"ಅಮ್ಮ, ಅಕ್ಕಿ ಡಬ್ಬದ ಹಿಂದೆ ಸಿಕ್ತು. ನೀನು ಒಂದೇ ಒಂದು ಸಾಲು ಬಿಟ್ಟಿದ್ದೆ. ಕೂತು ಕೂತು ಬೇಜಾರಾಗಿತ್ತು. ನಾನೇ ಮುಗಿಸ್ಬಿಟ್ಟೆ."

ನೂಲು ಕತ್ತರಿಸಿ, ಗಂಟು ಹಾಕಿ, ತುದಿಯನ್ನು ಒಳಗೆ ತೂರಿಸಿಯೂ ಆಗಿತ್ತು. ಚಿಕ್ಕಂದಿನಲ್ಲಿ ತಾನೇ ಕಲಿಸಿದ ಅಚ್ಚುಕಟ್ಟು. ಮುನಿತಾಯಮ್ಮನ ಕೈಯ ಮೊರ ಓರೆಯಾಗಿ ಸಂಡಿಗೆಯೆಲ್ಲ ನೆಲದ ಪಾಲಾಯಿತು. ಹೇಳುವುದೇನು? ಇದು ನಿನ್ನ ಕೂಸಿನದೇ ಎಂದರೆ ಬಸುರಿಯ ಎದೆಯೊಡೆಯುತ್ತದೆ. ಹೇಳದಿದ್ದರೆ ತನ್ನ ಎದೆ.

"ಒಳ್ಳೇದಾಯ್ತು ಬಿಡವ್ವ" ಎಂದಳು. ಬಗ್ಗಿ ಸಂಡಿಗೆ ಆರಿಸುವಾಗ ಮುಖ ತೋರಿಸಲಿಲ್ಲ. ಆಮೇಲೆ ಹೊದಿಕೆಯನ್ನು ಮತ್ತೆ ಅಕ್ಕಿ ಡಬ್ಬದ ಹಿಂದೆಯೇ ಇಟ್ಟಳು.

ಹೆದರಿಕೆಯಾದಾಗ ಮುನಿತಾಯಮ್ಮ ಅಳುವವಳಲ್ಲ, ಮನೆಯನ್ನು ತಲೆಕೆಳಗು ಮಾಡುವವಳು. ಮಾರನೆಯ ಬೆಳಿಗ್ಗೆ ಗಂಡ ಮಿಲ್ಲಿಗೆ ಹೊರಟ ಕೂಡಲೇ ಮನೆಯಲ್ಲಿದ್ದ ಕಂಬಳಿ, ದುಪ್ಪಟಿ, ಕೌದಿಗಳನ್ನೆಲ್ಲ ಹೊತ್ತು ಕೆರೆಗೆ ಹೋದಳು. ಮಳೆಗಾಲಕ್ಕೆ ಮುಂಚೆ ಹೇಗೂ ಒಗೆಯಬೇಕಾದದ್ದೇ. ಆದರೆ ಒಂದೊಂದನ್ನೂ ಕಲ್ಲಿಗೆ ಬಡಿಯುತ್ತಿದ್ದ ರಭಸ ಕೊಳೆಯ ಮೇಲಿನ ಸಿಟ್ಟಿನದಾಗಿರಲಿಲ್ಲ. ಹನ್ನೊಂದರ ಹೊತ್ತಿಗೆ ಬೇಲಿಯುದ್ದಕ್ಕೂ ಒಗೆದ ಹೊದಿಕೆಗಳು ನೇತಾಡುತ್ತಿದ್ದವು.

ಊಟದ ತಟ್ಟೆಯ ಮುಂದೆ ಯಶೋದಾ ಸೊಂಟ ಹಿಡಿದುಕೊಂಡಳು. ಸುಳ್ಳು ನೋವಿರಬಹುದು ಎಂದು ಬಿಸಿನೀರು, ಜೀರಿಗೆ ಕಷಾಯ ಎಲ್ಲ ಆಯಿತು. ಎರಡು ಗಂಟೆಯ ಹೊತ್ತಿಗೆ ಅದು ನಿಜದ ನೋವೆಂದು ಗೊತ್ತಾಯಿತು. ಜಟಕಾ ತರಲು ಓಡುವಷ್ಟೂ ಪುರುಸೊತ್ತಿರಲಿಲ್ಲ. ಪಟಾಲಮ್ಮ ಓಡಿಹೋಗಿ ಸೂಲಗಿತ್ತಿ ಪಾಪಮ್ಮಜ್ಜಿಯನ್ನು ಕರೆತಂದಳು. ಎಪ್ಪತ್ತರ ಮುದುಕಿ ಒಳಗೆ ಬಂದು, ಮುನಿತಾಯಮ್ಮನ ಮುಖ ನೋಡಿದವಳೇ ಅವಳನ್ನು ಹೊರಗಟ್ಟಿದಳು.

"ನೀನಿಲ್ಲಿ ಬೇಡ ಕಣಮ್ಮ. ನಿನ್ನ ಮುಖ ನೋಡಿದ್ರೆ ಮಗೀಗೆ ಇರೋ ಧೈರ್ಯನೂ ಹೋಗ್ತದೆ. ನೀರು ಕಾಯಿಸು. ಪೆಟ್ಟಿಗೆ ಬೀಗ ತೆಗಿ. ಮನೇಲಿ ಗಂಟು ಅಂತ ಏನೇನಿದ್ಯೋ ಎಲ್ಲಾ ಬಿಚ್ಚು. ದಾರಿ ಸಲೀಸಾಗ್ಲಿ."

ಬಾಗಿಲು ಮುಚ್ಚಿತು. ಮುನಿತಾಯಮ್ಮ ಪೆಟ್ಟಿಗೆಯ ಬೀಗ ತೆಗೆದಳು. ರಾಗಿ ಮೂಟೆಯ ಬಾಯಿ ಬಿಚ್ಚಿದಳು. ಹಸುವಿನ ಹಗ್ಗ ಬಿಚ್ಚಿದಳು. ಅದು ಯಜಮಾನಿಯ ಮುಖವನ್ನೇ ನೋಡುತ್ತಾ ನಿಂತಿತು. ತನ್ನ ತುರುಬನ್ನೂ ಬಿಚ್ಚಿ ಬೆನ್ನ ಮೇಲೆ ಬಿಟ್ಟಳು. ಇನ್ನೇನು ಉಳಿಯಿತು ಎಂದು ಸುತ್ತ ನೋಡಿದಳು. ಉಳಿದಿತ್ತು. ಅಕ್ಕಿ ಡಬ್ಬದ ಹಿಂದೆ ಒಂದು ಗಂಟು.

ಒಲೆಯ ಮುಂದೆ ಕುಳಿತು, ಒಳಗೆ ತೂರಿಸಿದ್ದ ತುದಿಯನ್ನು ಉಗುರಿನಿಂದ ಕೆದಕಿ ಈಚೆಗೆ ತಂದಳು. ಗಂಟು ಬಿಗಿಯಾಗಿತ್ತು. ಹಲ್ಲಿನಿಂದ ಕಚ್ಚಿ ಸಡಿಲಿಸಿ ಎಳೆದಳು. ಸರ್ರನೆ ಒಂದು ಸಾಲು ಬಿಚ್ಚಿಕೊಂಡಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಒಳಗಿನಿಂದ ಮಗಳ ಕೂಗು ಕೇಳಿತು, ಕೈ ಮತ್ತೆ ಎಳೆಯಿತು. ನಾನು ಮಾಡಿದ ಪಾಪವನ್ನು ನಾನೇ ಅಳಿಸ್ತೀನಿ ತಾಯಿ, ಅವಳನ್ನು ಬಿಟ್ಟುಬಿಡು ಎಂದು ಅಣ್ಣಮ್ಮ ದೇವಿಯನ್ನು ಬೇಡಿಕೊಳ್ಳುತ್ತಾ, ಒಂದೊಂದು ಕೂಗಿಗೂ ಒಂದೊಂದು ಸಾಲು ಎಳೆದಳು. ಕೆಂಪು ಮುಗಿದು ಬೂದು ಬಂತು. ಕಾಲ ಬಳಿ ನೂಲಿನ ಗುಡ್ಡೆ ಬೆಳೆಯಿತು. ಹೊರಗೆ ಕತ್ತಲಾದ ಹಾಗಾಗಿ ಗುಡುಗಿದ್ದು, ಗಾಳಿ ಎದ್ದದ್ದು, ಹೆಂಚಿನ ಮೇಲೆ ಪಟಪಟನೆ ಆಲಿಕಲ್ಲು ಬಿದ್ದದ್ದು ಅವಳ ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ.

ಅವಳನ್ನು ನಿಲ್ಲಿಸಿದ್ದು ಬೇರೊಂದು ಕೂಗು. ಸಣ್ಣದು, ಬೆಕ್ಕಿನ ಮರಿಯ ದನಿಯ ಹಾಗೆ. ಒಂದು ಸಲ ಬಂದು ನಿಂತಿತು. ಮುನಿತಾಯಮ್ಮನ ಉಸಿರೂ ನಿಂತಿತು. ಮತ್ತೆ ಬಂತು.

"ಹೆಣ್ಣು! ತಾಯಿ ಚೆನ್ನಾಗವ್ಳೆ!" ಎಂದು ಪಾಪಮ್ಮಜ್ಜಿ ಒಳಗಿನಿಂದಲೇ ಕೂಗಿದಳು. ಹಿಂದೆಯೇ ಅವಳ ದನಿ ಬದಲಾಯಿತು. "ಕೂಸು ಬಲು ಸಣ್ಣಕ್ಕದೆ ಕಣಮ್ಮ, ಮೈ ತಣ್ಣಗಾಗ್ತಾ ಅದೆ. ಈ ಹಳೇ ಸೀರೆ ಸಾಲಲ್ಲ. ಕಂಬ್ಳಿ ತಗಂಬಾ, ಬೇಗ!"

ಮುನಿತಾಯಮ್ಮ ಹಿತ್ತಿಲ ಬಾಗಿಲಿಗೆ ಓಡಿದಳು. ಬೇಲಿಯ ಮೇಲೆ ಮನೆಯ ಅಷ್ಟೂ ಕಂಬಳಿಗಳು ನೀರು ಸುರಿಸುತ್ತಾ ಜೋತುಬಿದ್ದಿದ್ದವು. ಅವುಗಳ ಮಡಿಕೆಗಳಲ್ಲಿ ಆಲಿಕಲ್ಲು ಬೆಳ್ಳಗೆ ಕೂತಿತ್ತು. ಒಂದೂ ಒಣಗಿದ್ದಿಲ್ಲ. ಎತ್ತಿಡುವ ಹೊತ್ತಿನಲ್ಲಿ ತಾನು ಏನು ಮಾಡುತ್ತಾ ಕೂತಿದ್ದೆ ಎಂಬುದು ಆಗ ಅವಳಿಗೆ ಹೊಳೆಯಿತು. ಮನೆಯಲ್ಲಿದ್ದ ಒಂದೇ ಒಂದು ಬೆಚ್ಚನೆಯ ವಸ್ತುವನ್ನು ತನ್ನ ಕೈಯಾರೆ ಬಿಚ್ಚಿ ಹಾಕುತ್ತಿದ್ದಳು.

ಒಲೆಯ ಬಳಿಗೆ ಬಂದು ಉಳಿದದ್ದನ್ನು ಎತ್ತಿ ನೋಡಿದಳು. ಅರ್ಧಕ್ಕೂ ಕಡಿಮೆ. ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಬಾಯಿಬಿಟ್ಟ ಕುಣಿಕೆಗೆ ಹಾಕಿ ಭದ್ರ ಮಾಡಿದಳು. ನೂಲು ಕತ್ತರಿಸಲು ಧೈರ್ಯ ಬರಲಿಲ್ಲ. ಹೊದಿಕೆಯ ತುಂಡನ್ನು ಎದೆಗವಚಿಕೊಂಡು ನಡೆದಳು, ಬಿಚ್ಚಿದ ನೂಲು ನೆಲದ ಮೇಲೆ ಹಿಂದೆಯೇ ಎಳೆದುಕೊಂಡು ಬಂತು. ಪಾಪಮ್ಮಜ್ಜಿ ಏನೂ ಕೇಳದೆ ಕಸಿದುಕೊಂಡು ಕೂಸಿಗೆ ಸುತ್ತಿದಳು. ಸರಿಯಾಗಿ ಒಂದು ಸುತ್ತು ಬಂತು, ಬೆರಳಗಲ ಹೆಚ್ಚಿರಲಿಲ್ಲ. ಪಟಾಲಮ್ಮ ಕೆಂಡದ ಅಗ್ಗಿಷ್ಟಿಕೆ ತಂದಿಟ್ಟಳು. ಮೂವರೂ ಕೂಸಿನ ತುಟಿಯನ್ನೇ ನೋಡುತ್ತಾ ಕುಳಿತರು. ಎಷ್ಟು ಹೊತ್ತೋ ಏನೋ. ನೀಲಿಗಟ್ಟಿದ್ದ ತುಟಿಗೆ ಮೆಲ್ಲಗೆ ಬಣ್ಣ ಬಂತು.

ಆಗ ಮುನಿತಾಯಮ್ಮನಿಗೆ ತಡೆಯಲಾಗಲಿಲ್ಲ. ಮಗಳ ಕೈ ಹಿಡಿದು ಗೊಳೋ ಎಂದು ಅತ್ತಳು.

"ನಂದೇ ತಪ್ಪು ಕಣೇ. ಇದು ಯಾವ ಮೇಷ್ಟ್ರ ಮನೇದೂ ಅಲ್ಲ. ಹುಟ್ಟೋಕೆ ಮುಂಚೆನೇ ನಾನು..."

"ನಂಗೊತ್ತಿತ್ತಮ್ಮ" ಎಂದಳು ಯಶೋದಾ. ದನಿಯಲ್ಲಿ ತ್ರಾಣವಿರಲಿಲ್ಲ. "ಮೇಷ್ಟ್ರ ಕುರ್ಚಿಗೆ ಯಾರಾದ್ರೂ ಕೆಂಪಂಚು ಹಾಕ್ತಾರಾ? ಗೊತ್ತಿದ್ದೇ ಮುಗಿಸ್ದೆ."

"ಗೊತ್ತಿದ್ದೂನಾ?"

"ಹಿಂದಿನ ಎರಡು ಸಲವೂ ಯಾರೂ ಏನೂ ಹೆಣೀಲಿಲ್ಲ. ಒಂದು ಟೋಪಿನೂ ಹೊಲೀಲಿಲ್ಲ. ಆದ್ರೂ ಹೋದ್ವಲ್ಲಮ್ಮ." ಅವಳು ಹೊದಿಕೆಯ ಅಂಚನ್ನು ಬೆರಳಲ್ಲಿ ಸವರಿದಳು. "ಬಾ, ಕಾಯ್ತಾ ಇದೀವಿ ಅಂತ ಇದಕ್ಕಾದ್ರೂ ಒಬ್ರು ಹೇಳ್ಬೇಕು ಅನ್ನಿಸ್ತು."

ಐವತ್ತು ವರ್ಷದಲ್ಲಿ ಕಟ್ಟಳೆಯನ್ನು ಹೀಗೆ ತಿರುಗಿಸಿ ನೋಡಬಹುದೆಂದು ಮುನಿತಾಯಮ್ಮನಿಗೆ ಹೊಳೆದಿರಲಿಲ್ಲ.

ಭಯವೇನೂ ಅಂದಿಗೆ ಹೋಗಲಿಲ್ಲ. ಮೊದಲ ದಿನ ಕೂಸಿನ ಮೂಗಿನ ಬಳಿ ಬೆರಳಿಟ್ಟು ನೋಡಿದ್ದಕ್ಕೆ ಲೆಕ್ಕವಿಲ್ಲ. ಎರಡನೆಯ ದಿನ ಅದು ಹಾಲು ಕಚ್ಚಿತು. ಮೂರನೆಯ ದಿನ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ. ವೆಂಕಟರಮಣಪ್ಪ ಮಿಲ್ಲಿಗೆ ರಜಾ ಹಾಕಿ, ಮಾಡಲು ಕೆಲಸವಿಲ್ಲದೆ, ಒಣಗಿದ ಕಂಬಳಿಗಳನ್ನು ಮಡಿಚಿದ, ಮತ್ತೆ ಬಿಚ್ಚಿ ಮಡಿಚಿದ.

ನಾಲ್ಕನೆಯ ದಿನ ಬಿಸಿಲು ಹದವಾಗಿತ್ತು. ಮುನಿತಾಯಮ್ಮ ಕೂಸನ್ನು ಎಳೆಬಿಸಿಲಿಗೆಂದು ಜಗುಲಿಗೆ ತಂದು ತೊಡೆಯ ಮೇಲೆ ಮಲಗಿಸಿಕೊಂಡಳು. ಸುತ್ತಿದ್ದ ಹೊದಿಕೆಯನ್ನು ಬಿಚ್ಚದೆ, ಅದರ ಅಂಚಿನ ಪಿನ್ನು ತೆಗೆದು ಕುಣಿಕೆಗೆ ಕಡ್ಡಿ ಸಿಕ್ಕಿಸಿದಳು. ಬಿಚ್ಚಿದ್ದ ನೂಲು ಜಡೆ ಬಿಚ್ಚಿದ ಕೂದಲಿನ ಹಾಗೆ ಸುಕ್ಕುಸುಕ್ಕಾಗಿತ್ತು. ಪರವಾಗಿಲ್ಲ, ಹೆಣಿಕೆಗೆ ಬಂತು.

ಬೇಲಿಯಾಚೆ ಪಟಾಲಮ್ಮ ಬಿಂದಿಗೆ ಇಳಿಸಿದಳು. ಅವಳಿಗೂ ಎಲ್ಲ ಗೊತ್ತು. ಆದರೂ ಅಭ್ಯಾಸ ಬಿಟ್ಟೀತೇ?

"ಯಾರಿಗೆ ಹೆಣೀತಿದೀಯೇ ಮುನಿತಾಯಮ್ಮ, ಈ ಬಿಸಿಲಲ್ಲಿ?"

ಮುನಿತಾಯಮ್ಮ ಆ ಕಡೆ ಈ ಕಡೆ ನೋಡಿದಳು. ಆಮೇಲೆ ಬೀದಿಯ ಕೊನೆಯ ಮನೆಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು.

"ನನ್ನ ಮೊಮ್ಮಗಳಿಗೆ ಕಣೇ."